ಬಿಸಿ ಎಣ್ಣೆಯ ಬೇಸಿಗೆ

ಮೊನ್ನೆ ಮಧ್ಯಾಹ್ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕರೆಂಟು ಹೋಗಿ ಜನರೇಟರ್ ಶುರುವಾಗಿ, ಕಾದ ಎಣ್ಣೆಯ ವಾಸನೆ ಹಬ್ಬಿತು. ನಾನು ತರಕಾರಿ ಚೀಲ ಹಿಡಿದು ಲಿಫ್ಟಿಗೆ ಕಾಯುತ್ತಾ ಕೆಳಗೆ ನಿಂತಿದ್ದೆ. ಪಕ್ಕದಲ್ಲಿದ್ದ ಎದುರುಮನೆಯ ಹುಡುಗಿ ಮೂಗಿಗೆ ಕರ್ಚೀಫು ಹಿಡಿದು, "ಏನ್ ಸ್ಮೆಲ್ಲು ಆಂಟಿ, ಅಸೋಸಿಯೇಷನ್‌ಗೆ ಹೇಳ್ಬೇಕು" ಅಂದಳು. ಹೌದಮ್ಮ ಅಂದೆ. ಅಂದವಳೇ ಅವಳಿಂದ ಎರಡು ಹೆಜ್ಜೆ ದೂರ ಸರಿದುಬಿಟ್ಟೆ, ವಾಸನೆ ನನ್ನ ಮೈಯಿಂದಲೇ ಬರುತ್ತಿದೆಯೇನೋ ಅನ್ನುವ ಹಾಗೆ. ಕಿವಿ ಬಿಸಿಯಾಯಿತು. ಸೆರಗನ್ನು ಮೂಸಿ ನೋಡಿಕೊಳ್ಳಲು ಕೈ ಎದ್ದೇಬಿಟ್ಟಿತ್ತು. ಇಷ್ಟು ವರ್ಷವಾಯಿತು, ಆ ನಾಚಿಕೆ ಇನ್ನೂ ಮೈಯಲ್ಲೇ ಇದೆ.

ಕಾದ ಯಂತ್ರದೆಣ್ಣೆಯ ವಾಸನೆ ಅಡುಗೆಮನೆಯ ಎಣ್ಣೆಯದರ ಹಾಗಲ್ಲ. ಕೂದಲಿಗೆ ಒಮ್ಮೆ ಹತ್ತಿತೆಂದರೆ ಎರಡು ಸಲ ತಲೆಗೆ ನೀರು ಹಾಕಿಕೊಂಡರೂ ಬಿಡುವುದಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಇಡೀ ಬೇಸಿಗೆ ನಾನು ಆ ವಾಸನೆ ಹೊತ್ತುಕೊಂಡು ಜೆ.ಪಿ. ನಗರದಿಂದ ಶ್ರೀನಗರಕ್ಕೆ ಎರಡು ಬಸ್ಸು ಬದಲಾಯಿಸಿ ಮನೆಗೆ ಬರುತ್ತಿದ್ದೆ.

ನಾವಿದ್ದದ್ದು ಶ್ರೀನಗರದ ಒಂದು ವಠಾರದ ಮನೆಯಲ್ಲಿ. ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಇಲ್ಲದೆ ಬೀದಿಗೆ ಇಳಿದವರಲ್ಲ. ಅಮ್ಮನಿಗೆ ವಠಾರವೇ ಪ್ರಪಂಚ. ನಾನು ಒಬ್ಬಳೇ ಮಗಳು. ಲೆಕ್ಕದಲ್ಲಿ ಚುರುಕಾಗಿದ್ದೇನೆಂದು ಮೇಷ್ಟರೊಬ್ಬರು ಹೇಳಿದ್ದನ್ನು ಕೇಳಿ ಅಪ್ಪ ನನ್ನನ್ನು ಮೆಕ್ಯಾನಿಕಲ್ ಡಿಪ್ಲೊಮಾಕ್ಕೆ ಸೇರಿಸಿದ್ದರು. ಆ ತರಗತಿಯಲ್ಲಿ ನಾನೊಬ್ಬಳೇ ಹುಡುಗಿ. ಓದುವಷ್ಟು ದಿನ ಅಮ್ಮ ಹೆಮ್ಮೆಯಿಂದಲೇ ಹೇಳಿಕೊಂಡಳು. ಕೆಲಸ ಸಿಕ್ಕಿದ ಮೇಲೆ ತೊಂದರೆ ಶುರುವಾಯಿತು. ಮೊದಲನೇ ವಾರವೇ ನಾನು ಉಗುರುಗಳಲ್ಲಿ ಕಪ್ಪು ತುಂಬಿಕೊಂಡು ಬಂದದ್ದನ್ನು ನೋಡಿ ಪಕ್ಕದ ಮನೆಯವರು "ಏನ್ ಕೆಲ್ಸಾನೇ ಅದು ನಿಂದು?" ಎಂದು ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ಅಮ್ಮ ಒಳಗಿನಿಂದ "ಆಫೀಸಲ್ಲಿ ಟೈಪಿಂಗು ಕಣ್ರೀ. ಆ ಕಾರ್ಬನ್ ಪೇಪರ್ ಇರುತ್ತಲ್ಲ, ಅದರದ್ದು ಮಸಿ" ಅಂದಳು.

ಅಲ್ಲಿಂದ ನಾನು ವಠಾರಕ್ಕೆ ಟೈಪಿಸ್ಟು. ನಾನು ಟೈಪಿಂಗ್ ಲೋಯರ್ ಪರೀಕ್ಷೆ ಪಾಸು ಮಾಡಿದ್ದೂ ನಿಜ. ಆಗಿನ ಕಾಲಕ್ಕೆ ನಮ್ಮ ಬೀದಿಯ ಹುಡುಗಿಯರೆಲ್ಲ ಮಾಡುತ್ತಿದ್ದರು. ಸುಳ್ಳಿಗೆ ಅಷ್ಟು ಆಧಾರ ಸಾಕಾಗಿತ್ತು. ಬಚ್ಚಲಲ್ಲಿ ಅಮ್ಮ ಸೀಮೆಎಣ್ಣೆ ಅದ್ದಿದ ಬಟ್ಟೆ, ಸೀಗೆಪುಡಿ, ನಿಂಬೆಹೋಳು ಇಟ್ಟಿರುತ್ತಿದ್ದಳು. ನಾನು ಬಂದವಳೇ ಯಾರನ್ನೂ ಮಾತಾಡಿಸದೆ ಅಲ್ಲಿಗೆ ಹೋಗಿ ಮೊಣಕೈವರೆಗೆ ತಿಕ್ಕಿ ತೊಳೆದುಕೊಂಡು, ಬೇರೆ ಸೀರೆ ಉಟ್ಟು ಹೊರಗೆ ಬರಬೇಕಿತ್ತು. ಬಸ್ಸಿನಲ್ಲಿ ಪಕ್ಕದ ಹೆಂಗಸರು ಸೆರಗನ್ನು ಮೂಗಿಗೆ ತಂದುಕೊಳ್ಳುತ್ತಿದ್ದರು. ನಾನು ಕಿಟಕಿಯಾಚೆ ನೋಡುತ್ತಾ, ವಾಸನೆ ಬೇರೆ ಯಾರದ್ದೋ ಅನ್ನುವ ಮುಖ ಮಾಡಿ ಕೂತಿರುತ್ತಿದ್ದೆ.

ಕಾರ್ಖಾನೆ ಅಂದರೆ ದೊಡ್ಡದೇನಲ್ಲ. ಜೆ.ಪಿ. ನಗರದ ಅಂಚಿನಲ್ಲಿ, ಆಗಿನ್ನೂ ಹೊಲಗಳು ಉಳಿದಿದ್ದ ಕಡೆ, ಎರಡು ಶೆಡ್ಡು ಮತ್ತು ಮುಂದೆ ಒಂದು ಆಫೀಸು ಕೋಣೆ. ಬಾಯ್ಲರುಗಳ ಹೊಗೆಯನ್ನು ಎಳೆದು ಹೊರಗೆ ತಳ್ಳುವ ಭಾರಿ ಫ್ಯಾನುಗಳನ್ನು ಅಲ್ಲಿ ಮಾಡುತ್ತಿದ್ದರು. ಮಾಲೀಕರು ಶ್ರೀಕಂಠಯ್ಯ. ಸಿಡುಕಿನ ಮನುಷ್ಯ, ಆದರೆ ಹೆಂಗಸೆಂದು ನನ್ನನ್ನು ಕೆಳಗೂ ಇಡಲಿಲ್ಲ, ಮೇಲೂ ಇಡಲಿಲ್ಲ. ಶೆಡ್ಡಿನ ಕೆಲಸವನ್ನೆಲ್ಲ ಫೋರ್‌ಮನ್ ಮುನಿಸ್ವಾಮಿ ನೋಡಿಕೊಳ್ಳುತ್ತಿದ್ದರು.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಕಾರ್ಖಾನೆಗೆ ಕಷ್ಟ ಬಂತು. ಹೊರ ಜಿಲ್ಲೆಯ ಒಂದು ಕಾಗದದ ಮಿಲ್ಲಿಗೆ ನಾವು ಕೊಟ್ಟಿದ್ದ ಫ್ಯಾನುಗಳ ಬೇರಿಂಗುಗಳು ಕೆಲವೇ ತಿಂಗಳಲ್ಲಿ ಹಾಳಾಗುತ್ತಿದ್ದವು. ಬೇರಿಂಗ್ ಅಂದರೆ ತಿರುಗುವ ಉಕ್ಕಿನ ದಂಡಕ್ಕೆ ಆಸರೆ. ಒಂದರೊಳಗೊಂದು ಕೂತ ಎರಡು ಉಕ್ಕಿನ ಬಳೆ, ನಡುವೆ ಉರುಳುವ ರೋಲರುಗಳು. ಅವು ಒಂದಕ್ಕೊಂದು ನೇರವಾಗಿ ತಾಗಬಾರದು. ನಡುವೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಎಣ್ಣೆಯ ಪದರ ನಿಲ್ಲಬೇಕು. ನಮ್ಮ ಫ್ಯಾನುಗಳಲ್ಲಿ ಬೇರಿಂಗಿನ ಗೂಡಿಗೆ ಒಂದಿಷ್ಟು ಎಣ್ಣೆ ತುಂಬಿ ಬಿಡುತ್ತಿದ್ದರು. ರೋಲರುಗಳು ಅದರಲ್ಲೇ ಮಿಂದು ತಿರುಗಬೇಕು. ಸಾಮಾನ್ಯ ಫ್ಯಾನಿಗೆ ಅಷ್ಟು ಸಾಕು. ಬಾಯ್ಲರಿನದು ಬಿಸಿ ಹೊಗೆ. ಆ ಬಿಸಿ ದಂಡದ ಗುಂಟ ಬಂದು ಬೇರಿಂಗಿಗೆ ಸೇರುತ್ತಿತ್ತು. ಎಣ್ಣೆ ಕಾದು ನೀರಿನಷ್ಟು ತೆಳುವಾಗಿ, ಕೊನೆಗೆ ಕರಿ ಹಿಡಿದು, ಉಕ್ಕಿಗೆ ಉಕ್ಕು ಉಜ್ಜುತ್ತಿತ್ತು. ಮಿಲ್ಲಿನವರು ಎಲ್ಲ ಫ್ಯಾನುಗಳನ್ನೂ ವಾಪಸು ಕಳಿಸುತ್ತೇವೆಂದರು. ಕಳಿಸಿದರೆ ಕಾರ್ಖಾನೆಗೆ ಬೀಗ. ಹಾಗೆಂದು ಶ್ರೀಕಂಠಯ್ಯನವರೇ ನಮ್ಮೆಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದರು.

ಉಳಿದ ದಾರಿ ಒಂದೇ. ಎಣ್ಣೆಯನ್ನು ಒಂದೇ ಕಡೆ ನಿಲ್ಲಗೊಡದೆ ಪಂಪಿನಿಂದ ಬೇರಿಂಗಿಗೆ ಕಳಿಸಿ, ಅಲ್ಲಿಂದ ಹೊರಗೆ ತೆಗೆದು, ಸೋಸಿ, ತಣ್ಣಗೆ ಮಾಡಿ, ಮತ್ತೆ ಕಳಿಸುತ್ತಿರುವುದು. ಪುಸ್ತಕದಲ್ಲಿ ಎಲ್ಲರೂ ಓದಿದ್ದೇ. ನಮ್ಮ ಫ್ಯಾನಿಗೆ ಅದನ್ನು ಹೊಂದಿಸಿ ತೋರಿಸಬೇಕಿತ್ತು. ಹಿಂದಿನ ಶೆಡ್ಡಿನಲ್ಲಿ ಒಂದು ಫ್ಯಾನು ನಿಲ್ಲಿಸಿ, ಬಾಯ್ಲರಿನ ಬಿಸಿಗೆ ಬದಲಾಗಿ ಅದರ ಬಾಯಿಗೆ ಸೌದೆ ಒಲೆಯ ಗಾಳಿ ಕೊಟ್ಟು, ಬೇಸಿಗೆಯುದ್ದಕ್ಕೂ ಓಡಿಸಿ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಆಸ್ಬೆಸ್ಟಾಸ್ ಛಾವಣಿ, ಕೆಳಗೆ ಒಲೆ, ಮೇಲೆ ಏಪ್ರಿಲ್ ಬಿಸಿಲು. ಸೀರೆಯ ಮೇಲೆ ಖಾಕಿ ಕೋಟು ತೊಟ್ಟು, ತಲೆಗೆ ಬಟ್ಟೆ ಕಟ್ಟಿ, ನಾನು ಮುಳ್ಳಿನ ಥರ್ಮಾಮೀಟರುಗಳ ಮುಂದೆ ನಿಂತಿರುತ್ತಿದ್ದೆ. ಕಬ್ಬಿಣದ ಸರಳೊಂದರ ತುದಿಯನ್ನು ಬೇರಿಂಗಿನ ಗೂಡಿಗೆ, ಇನ್ನೊಂದು ತುದಿಯನ್ನು ಕಿವಿಗೆ ಒತ್ತಿ ಒಳಗಿನ ಸದ್ದು ಕೇಳುತ್ತಿದ್ದೆ. ಸದ್ದು ಒಂದೇ ಸಮನಾಗಿದ್ದರೆ ಕ್ಷೇಮ, ಮರಳು ಜರಡಿ ಆಡಿಸಿದ ಹಾಗೆ ಕೇಳಿಸಿದರೆ ಕೆಟ್ಟಿತು ಎಂದು ಅರ್ಥ.

ಮೊದಲು ಹಳೆಯ ರೀತಿಯಲ್ಲೇ, ನಿಂತ ಎಣ್ಣೆಯಲ್ಲಿ ಓಡಿಸಿದೆವು. ಬೇಗನೆ ಮರಳಿನ ಸದ್ದು ಬಂತು. ಬಿಚ್ಚಿದರೆ ರೋಲರುಗಳು ಜೇನಿನ ಬಣ್ಣಕ್ಕೆ ತಿರುಗಿದ್ದವು. ಒಳಬಳೆಯ ಮೇಲೆ ಸಿಡುಬಿನ ಕಲೆಯ ಹಾಗೆ ಗುಳಿಗಳು. ಅದನ್ನು ಒಂದು ತಟ್ಟೆಯಲ್ಲಿಟ್ಟು ಪಕ್ಕಕ್ಕೆ ಸರಿಸಿ, ಅದೇ ತಯಾರಿಯ ಹೊಸ ಬೇರಿಂಗು ಹಾಕಿ, ಪಂಪು ಜೋಡಿಸಿದೆವು. ತಣ್ಣಗಾಗಲು ನೀರಿನ ತೊಟ್ಟಿಯೊಳಗೆ ತಾಮ್ರದ ಸುರುಳಿ ಕೊಳವೆ ಇಳಿಬಿಟ್ಟೆವು. ಎಣ್ಣೆ ಅದರೊಳಗೆ ಹಾದು ಬರಬೇಕು.

ಬಿಸಿ ಇಳಿಯುತ್ತದೆ ಅಂದುಕೊಂಡರೆ ಏರಿತು. ಎಣ್ಣೆ ಇನ್ನೂ ಹೆಚ್ಚು ಬಿಡೋಣ ಎಂದು ಮುನಿಸ್ವಾಮಿ ವಾಲ್ವು ತಿರುಗಿಸಿದರು. ಇನ್ನೂ ಏರಿತು. ಶ್ರೀಕಂಠಯ್ಯ ಬಂದು ನೋಡಿ ಹೋದರು. ನನಗೆ ಆ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಗೂಡಿನ ಅಂಚಿನಲ್ಲಿ ಎಣ್ಣೆ ಜಿನುಗುವುದು ಕಾಣಿಸಿತು. ಒಳಗೆ ಎಣ್ಣೆ ತುಂಬಿ ತುಳುಕುತ್ತಿದೆ ಅಂತಾಯಿತು. ಹೊರಗೆ ಹೋಗುವ ಕೊಳವೆಯೂ ಒಳಗೆ ಬರುವ ಕೊಳವೆಯಷ್ಟೇ ಸಣ್ಣದಿತ್ತು. ಪಂಪು ತಳ್ಳಿದ್ದು ಒಳಗೆ ಬರುತ್ತಿತ್ತು, ಆದರೆ ತನ್ನ ಭಾರಕ್ಕೆ ತಾನೇ ಇಳಿದು ಹೋಗಬೇಕಾದ ಎಣ್ಣೆ ಅಷ್ಟು ಬೇಗ ಹೋಗುತ್ತಿರಲಿಲ್ಲ. ರೋಲರುಗಳು ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆದು ಕಡೆದು ತಾವೇ ಕಾಯಿಸುತ್ತಿದ್ದವು. ಹೊರಕೊಳವೆಯನ್ನು ದಪ್ಪನೆಯದಕ್ಕೆ ಬದಲಾಯಿಸಿ, ಇಳಿಜಾರು ಕೊಟ್ಟೆವು. ಸಂಜೆಯ ಹೊತ್ತಿಗೆ ಮುಳ್ಳು ಇಳಿಯಿತು. ಮುನಿಸ್ವಾಮಿ "ಸಖತ್ ಕಣಮ್ಮ!" ಎಂದು ನನಗೊಂದು ಬಾದಾಮಿ ಹಾಲು ತರಿಸಿಕೊಟ್ಟರು. ಆ ಸಂತೋಷವನ್ನು ಮನೆಯಲ್ಲಿ ಯಾರಿಗೆ ಹೇಳುವುದು? ಬಚ್ಚಲಲ್ಲಿ ಕೈ ತಿಕ್ಕುತ್ತಾ ನನ್ನಷ್ಟಕ್ಕೆ ನಕ್ಕೆ.

ಮಿಲ್ಲಿನ ಬೆಂಗಳೂರು ಕಚೇರಿಯಲ್ಲಿದ್ದ ಎಂಜಿನಿಯರು ವೆಂಕಟರಾಮಯ್ಯನವರು ಪರೀಕ್ಷೆ ನೋಡಲು ಆಗಾಗ ಬರುತ್ತಿದ್ದರು. ನಿವೃತ್ತಿಗೆ ಹತ್ತಿರವಾಗಿದ್ದ ದೊಡ್ಡ ದನಿಯ ಮನುಷ್ಯ. ಅವರು ಒಂದು ಸಲ ಬಂದಾಗ ಕರೆಂಟು ಹೋಯಿತು. ಆ ವರ್ಷ ಬೆಂಗಳೂರಿನಲ್ಲಿ ಕರೆಂಟು ಇದ್ದದ್ದಕ್ಕಿಂತ ಹೋದದ್ದೇ ನೆನಪು. ಕರೆಂಟು ಹೋದರೆ ಎಣ್ಣೆಯ ಪಂಪು ತಕ್ಷಣ ನಿಲ್ಲುತ್ತದೆ. ಫ್ಯಾನು ಮಾತ್ರ ತನ್ನ ಭಾರಕ್ಕೆ ತಿರುಗುತ್ತಲೇ ಇರುತ್ತದೆ, ಕಾದ ದಂಡದ ಬಿಸಿಯೂ ಬೇರಿಂಗಿಗೆ ಇಳಿಯುತ್ತಲೇ ಇರುತ್ತದೆ. ಅದಕ್ಕೆಂದೇ ಒಂದು ಕೈಪಂಪು ಇಟ್ಟಿದ್ದೆವು. ನಾನು ಸೆರಗು ಸಿಕ್ಕಿಸಿ ಅದನ್ನು ಒತ್ತತೊಡಗಿದೆ. ಕೊಳವೆಯ ಜೋಡಣೆಯೊಂದು ಸಡಿಲವಾಗಿ ಎಣ್ಣೆ ಕೋಟಿನ ಮೇಲೆ, ಕತ್ತಿನ ಮೇಲೆಲ್ಲ ಚಿಮ್ಮಿತು. ನಿಲ್ಲಿಸುವ ಹಾಗಿರಲಿಲ್ಲ. ಫ್ಯಾನು ನಿಂತು, ಮುಳ್ಳು ಇಳಿಯುವವರೆಗೂ ಒತ್ತಿದೆ. ವೆಂಕಟರಾಮಯ್ಯನವರು ಒಂದು ಸ್ಟೂಲಿನ ಮೇಲೆ ಕೂತು ನೋಡಿದರು. ಆಮೇಲೆ, "ನಿನ್ನ ಹೆಸರೇನಮ್ಮ?" ಎಂದು ಕೇಳಿದರು. "ನಾಗರತ್ನ ಸಾರ್." "ನಾಗರತ್ನ ಇರೋವರೆಗೆ ನಾನು ಫ್ಯಾನ್ ವಾಪಸ್ ಕಳ್ಸಲ್ಲ ಕಣ್ರೀ ಶ್ರೀಕಂಠಯ್ಯ" ಎಂದು ಶೆಡ್ಡೆಲ್ಲ ಕೇಳುವಂತೆ ಅಂದರು.

ಅದೇ ತಿಂಗಳು ಜಯನಗರದ ಒಂದು ಮನೆಯಿಂದ ನನ್ನನ್ನು ನೋಡಲು ಬರುತ್ತಾರೆಂದಾಯಿತು. ಹುಡುಗ ಬ್ಯಾಂಕಿನಲ್ಲಿದ್ದ. ಅಮ್ಮ ಎರಡು ದಿನ ಮೊದಲಿಂದ ನನ್ನ ಕೈಗಳ ಹಿಂದೆ ಬಿದ್ದಳು. ಅರಿಶಿನ, ಹಾಲಿನ ಕೆನೆ, ನಿಂಬೆರಸ. ಉಗುರಿನ ಬುಡವನ್ನು ಕಡ್ಡಿಯಿಂದ ಕೆದಕಿದಳು. ತಲೆಗೆ ಸಾಂಬ್ರಾಣಿ ಹೊಗೆ ಹಾಕಿ, ಮೂಸಿ ನೋಡಿ, ಮತ್ತೆ ಹಾಕಿದಳು. "ಅವರು ಕೇಳಿದ್ರೆ ನಾನು ಹೇಳ್ತೀನಿ. ನೀನು ಬಾಯಿ ಬಿಡ್ಬೇಡ" ಅಂದಳು.

ಭಾನುವಾರ ಬೆಳಗ್ಗೆ ಹುಡುಗ, ಅವನ ತಂದೆ, ತಾಯಿ ಬಂದರು. ಹುಡುಗನ ಸೋದರಮಾವ ಸ್ಕೂಟರಿನಲ್ಲಿ ಹಿಂದೆ ಬರುತ್ತಿದ್ದಾರೆ, ದಾರಿ ತಪ್ಪಿರಬೇಕು ಅಂದರು. ನಾನು ಉಪ್ಪಿಟ್ಟು, ಕೇಸರಿಬಾತು ಕೊಟ್ಟು ಚಾಪೆಯ ಅಂಚಿನಲ್ಲಿ ಕೂತೆ. ಹುಡುಗನ ತಾಯಿ ಮೆತ್ತಗಿನ ಮಾತಿನವರು.

"ಎಲ್ಲಿ ಕೆಲಸ ಮಾಡ್ತಾಳೆ ಮಗು?"

"ಇಲ್ಲೇ ಜೆ.ಪಿ. ನಗರದಲ್ಲಿ ಒಂದು ಆಫೀಸು. ಟೈಪಿಂಗು" ಅಂದಳು ಅಮ್ಮ. "ನೆರಳಲ್ಲಿ ಕೂತು ಮಾಡೋ ಕೆಲಸ. ಕಷ್ಟ ಏನಿಲ್ಲ."

"ಫ್ಯಾನ್ ಇದೆ ತಾನೆ? ನಮ್ಮವನ ಬ್ಯಾಂಕಲ್ಲಿ ಒಂದೇ ಒಂದು, ಅದೂ ಮ್ಯಾನೇಜರ್ ತಲೆ ಮೇಲೆ."

ಎಲ್ಲರೂ ನಕ್ಕರು. ಅಪ್ಪನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ನೆಲ ನೋಡುತ್ತಾ, "ಇದೆ. ದೊಡ್ಡ ಫ್ಯಾನೇ ಇದೆ" ಅಂದರು.

ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. "ಒಂದೇ ಬೀದೀನ ಮೂರು ಸಲ ಸುತ್ತಿದೆ ಕಣೇ ಲಲಿತಾ" ಎನ್ನುತ್ತಾ ಬಾಗಿಲು ಬಗ್ಗಿ ಒಳಗೆ ಬಂದವರು ವೆಂಕಟರಾಮಯ್ಯನವರು.

ನಾನು ತಲೆ ತಗ್ಗಿಸಿದೆ. ಅದರಿಂದೇನೂ ಆಗಲಿಲ್ಲ.

"ಅರೆ, ನೀನಾ!" ಅವರ ದನಿಗೆ ವಠಾರದ ಎದುರು ಬಾಗಿಲಿನವರೂ ಇಣುಕಿದರು. "ಇವಳನ್ನ ನೋಡೋಕೆ ನಾನು ಬೇರೆ ಬರ್ಬೇಕಿತ್ತೇನೆ? ನಮ್ಮ ಮಿಲ್ ಫ್ಯಾನಿನ ಪ್ರಾಣ ಇವಳ ಕೈಲಿದೆ! ಟೆಂಪರೇಚರ್ ಎಲ್ಲಿಗೆ ನಿಂತಿದೆಯಮ್ಮ?"

ಅಮ್ಮ ನನ್ನನ್ನೇ ನೋಡುತ್ತಿದ್ದಳು. ನನಗೆ ಬೇರೆ ಉತ್ತರ ಹೊಳೆಯಲಿಲ್ಲ. "ಅರವತ್ತರ ಆಚೀಚೆ ಸಾರ್. ನಿನ್ನೆ ಸಂಜೆ ಅರವತ್ತೆರಡಿತ್ತು."

"ಶಭಾಷ್!" ಅವರು ಕೂತರು, ಕೇಸರಿಬಾತಿನ ತಟ್ಟೆ ತೆಗೆದುಕೊಂಡರು, ತಮ್ಮ ತಂಗಿಯ ಕಡೆ ತಿರುಗಿದರು. ಕರೆಂಟು ಹೋದ ದಿನದ ಕಥೆಯನ್ನು ಒಂದನ್ನೂ ಬಿಡದೆ ಹೇಳಿದರು. ಖಾಕಿ ಕೋಟು, ತಲೆಗೆ ಕಟ್ಟಿದ ಬಟ್ಟೆ, ಕತ್ತಿನ ಮೇಲೆ ಹರಿದ ಎಣ್ಣೆ. "ಗಂಡಸರು ನಿಂತ್ಕೊಂಡು ನೋಡ್ತಾ ಇದ್ರು, ಈ ಹುಡುಗಿ ಪಂಪ್ ಹೊಡೀತಾ ಇದ್ಲು. ಇಂಥ ಹುಡುಗಿ ಲಕ್ಷಕ್ಕೊಬ್ಬಳು." ಅವರು ಹೊಗಳಿದಷ್ಟೂ ಅಮ್ಮ ಕೂತಲ್ಲೇ ಸಣ್ಣಗಾಗುತ್ತಿದ್ದಳು. ಅವರಿಗೆ ಏನೂ ಗೊತ್ತಿರಲಿಲ್ಲ. ತಾವು ಬರುವ ಮೊದಲು ಇಲ್ಲಿ ಏನು ಮಾತಾಯಿತೆಂದು ಅವರಿಗೆ ಹೇಗೆ ತಿಳಿಯಬೇಕು?

ಹುಡುಗನ ತಾಯಿ ನಿಧಾನವಾಗಿ, "ಅಲ್ಲಾ, ಟೈಪಿಂಗ್ ಅಂದ್ರಲ್ಲ?" ಅಂದರು.

ಹುಡುಗ ನನ್ನ ಕೈಗಳನ್ನು ನೋಡಿದ. ನಾನು ಅವನ್ನು ಸೆರಗಿನೊಳಗೆ ಎಳೆದುಕೊಂಡೆ. ಅರಿಶಿನ ಹಚ್ಚಿ ಹಳದಿಯಾಗಿದ್ದ ಆ ಕೈಗಳ ಮೇಲೆ ನನಗೇ ಅಸಹ್ಯವಾಯಿತು.

"ಅದೂ ಮಾಡ್ತಾಳೆ, ಇದೂ ಮಾಡ್ತಾಳೆ..." ಅಂದಳು ಅಮ್ಮ.

ವೆಂಕಟರಾಮಯ್ಯನವರಿಗೆ ಆಗ ಅರ್ಥವಾಯಿತು. ತಟ್ಟೆ ಕೆಳಗಿಟ್ಟು, "ಹೌದೌದು, ರಿಪೋರ್ಟೆಲ್ಲ ಅವಳೇ ಟೈಪ್ ಮಾಡೋದು, ನಾನೇ ನೋಡಿದೀನಿ" ಅಂದರು. ಒಬ್ಬ ದೊಡ್ಡ ಮನುಷ್ಯ ನಮ್ಮ ಮನೆಯ ಮಾನ ಉಳಿಸಲು ನಮ್ಮ ಚಾಪೆಯ ಮೇಲೆ ಕೂತು ಸುಳ್ಳು ಹೇಳಿದರು. ಅದು ಸುಳ್ಳೆಂದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು.

ಹೊರಡುವಾಗ ಹುಡುಗನ ತಾಯಿ ಅಮ್ಮನ ಕೈ ಹಿಡಿದುಕೊಂಡರು. "ಕೆಲಸದ ವಿಷಯ ಅಲ್ಲ ಕಣ್ರೀ. ಅದೇನು ತಪ್ಪು ಕೆಲಸ ಅಲ್ವಲ್ಲ. ಆದ್ರೆ ಮೊದಲ್ನೇ ಮಾತೇ ಹೀಗಾದ್ರೆ..." ಅಷ್ಟೇ ಹೇಳಿದರು. ಜೋರಾಗಿ ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅವರು ಹೋದ ಮೇಲೆ ಅಮ್ಮ ಉಳಿದ ಕೇಸರಿಬಾತನ್ನು ಪಾತ್ರೆಗೆ ಸುರಿಯುತ್ತಾ, "ಗೊತ್ತಿಲ್ಲ ಅನ್ನಬಾರದಾಗಿತ್ತೇನೆ?" ಅಂದಳು.

"ಅವರು ನನ್ನ ನೋಡಿದಾರಮ್ಮ. ಹೇಗೆ ಗೊತ್ತಿಲ್ಲ ಅನ್ನಲಿ?"

"ಅರವತ್ತೆರಡಂತೆ! ಸಾರ್ ಅಂತೆ!" ಅಂದವಳು ಪಾತ್ರೆ ಅಲ್ಲೇ ಬಿಟ್ಟು ಗೋಡೆಗೆ ತಿರುಗಿ ಅತ್ತಳು. ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ಕೆಲಸದ ಬಗ್ಗೆ ನನಗೆ ನಾಚಿಕೆಯಾಗುತ್ತಿತ್ತೋ, ಅಮ್ಮನ ಸುಳ್ಳಿನ ಬಗ್ಗೆಯೋ, ಅವಳು ಹಾಗೆ ಗೋಡೆಗೆ ಮುಖ ಮಾಡಿ ಅಳುವುದನ್ನು ನೋಡುತ್ತಾ ನಿಂತಿದ್ದಕ್ಕೋ, ಬಿಡಿಸಿ ಹೇಳಲಾರೆ. ಅಪ್ಪ ಅಂಗಳದಲ್ಲಿ ಕೂತಿದ್ದರು. ಎದುರು ಬಾಗಿಲಿನವರು ಮುಚ್ಚಿದ ಬಾಗಿಲು ಸಂಜೆಯವರೆಗೂ ತೆರೆಯಲಿಲ್ಲ. ಅದು ನಮ್ಮ ಮೇಲಿನ ಮರ್ಯಾದೆಯೋ ಏನೋ.

ಮನೆಯಲ್ಲಿ ಆಮೇಲೆ ಮಾತು ಕಡಿಮೆಯಾಯಿತು. ಶೆಡ್ಡಿನಲ್ಲಿ ಫ್ಯಾನು ಓಡುತ್ತಲೇ ಇತ್ತು. ಮೇ ತಿಂಗಳ ಬಿಸಿಲಿಗೆ ತೊಟ್ಟಿಯ ನೀರೇ ಸ್ನಾನಕ್ಕಾಗುವಷ್ಟು ಕಾಯುತ್ತಿತ್ತು. ಮೇಲೆ ತೆಂಗಿನಗರಿ ಹೊದಿಸಿ, ಮಧ್ಯಾಹ್ನ ನೀರು ಬದಲಾಯಿಸಿ, ಮುಳ್ಳು ಅರವತ್ತೈದು ದಾಟದಂತೆ ನೋಡಿಕೊಂಡೆ. ಸರಳನ್ನು ಕಿವಿಗೆ ಒತ್ತಿದರೆ ಒಂದೇ ಸಮನಾದ ಸದ್ದು. ಆ ಸದ್ದು ಕೇಳುತ್ತಿದ್ದಷ್ಟು ಹೊತ್ತು ಭಾನುವಾರ ನೆನಪಿಗೆ ಬರುತ್ತಿರಲಿಲ್ಲ.

ಫ್ಯಾನು ನಿಲ್ಲಿಸಿ ಬೇರಿಂಗು ಬಿಚ್ಚಿ ನೋಡುವ ದಿನ ಬಂತು. ಮಿಲ್ಲಿನ ತೀರ್ಮಾನ ಆವತ್ತೇ. ವೆಂಕಟರಾಮಯ್ಯನವರು ಬೆಳಗ್ಗೆಯೇ ಬಂದಿದ್ದರು. ನನ್ನನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು. ಫ್ಯಾನು ನಿಂತಿತು. ಅಷ್ಟು ದಿನದ ಸದ್ದು ನಿಂತ ಮೇಲೆ ಶೆಡ್ಡಿನಲ್ಲಿ ಒಬ್ಬರು ಕೆಮ್ಮಿದರೂ ಕೇಳುತ್ತಿತ್ತು. ಆ ನಿಶ್ಶಬ್ದದಲ್ಲಿ ಗೇಟಿನ ಹತ್ತಿರ ನನಗೆ ಪರಿಚಯದ ದನಿಯೊಂದು ಕೇಳಿಸಿತು.

ಅಪ್ಪ. ಇಸ್ತ್ರಿಯ ಬಿಳಿ ಅಂಗಿ, ಕಂಕುಳಲ್ಲಿ ಕೊಡೆ. ಅರ್ಧ ದಿನ ರಜೆ ಹಾಕಿ ಬಂದಿದ್ದರು. ಶ್ರೀಕಂಠಯ್ಯನವರ ಮುಂದೆ ನಿಂತಿದ್ದರು. ನಾನು ಶೆಡ್ಡಿನ ಬಾಗಿಲಲ್ಲಿ ಕೈಯಲ್ಲಿ ಸ್ಪ್ಯಾನರು ಹಿಡಿದು ನಿಂತಿದ್ದದ್ದನ್ನು ಅವರು ನೋಡಿರಲಿಲ್ಲ.

"ಸ್ವಾಮಿ, ನಾನು ನಾಗರತ್ನನ ತಂದೆ."

"ಓ, ಬನ್ನಿ ಬನ್ನಿ. ಕೂತ್ಕೊಳ್ಳಿ."

ಅಪ್ಪ ಕೂರಲಿಲ್ಲ. "ಒಂದು ಕೇಳ್ಕೋಬೇಕಾಗಿತ್ತು. ಅವಳಿಗೆ ಆಫೀಸಲ್ಲಿ ಒಂದು ಕುರ್ಚಿ ಕೊಡೋಕಾಗುತ್ತಾ? ಟೈಪಿಂಗ್ ಲೋಯರ್ ಆಗಿದೆ. ಸಂಬಳ ಕಡಿಮೆ ಮಾಡಿ ಪರವಾಗಿಲ್ಲ."

"ಯಾಕೆ? ಇಲ್ಲಿ ಏನಾದ್ರೂ ತೊಂದ್ರೆ ಆಯ್ತಾ?"

"ಇಲ್ಲ ಸ್ವಾಮಿ. ಮನೇಲಿ ಒಂದು ಮಾತು ಆಡಿಬಿಟ್ಟಿದೀವಿ. ಅದು ನಿಜ ಆಗ್ಬೇಕು, ಅಷ್ಟೇ." ಹೇಳಿ, ಕೊಡೆಯನ್ನು ಕಂಕುಳಲ್ಲಿ ಇನ್ನಷ್ಟು ಒತ್ತಿಕೊಂಡು, ಕೈ ಮುಗಿದರು.

ದೇವರ ಮುಂದಲ್ಲದೆ ಇನ್ನೊಬ್ಬರ ಮುಂದೆ ನನ್ನ ಅಪ್ಪ ಕೈ ಮುಗಿದು ನಿಂತದ್ದನ್ನು ನಾನು ನೋಡಿದ್ದು ಆವತ್ತೇ ಮೊದಲು. ವೆಂಕಟರಾಮಯ್ಯನವರು ಬೆನ್ನು ತಿರುಗಿಸಿ ನೀರಿನ ತೊಟ್ಟಿ ನೋಡತೊಡಗಿದರು. ಮುನಿಸ್ವಾಮಿ ತಲೆ ಬಗ್ಗಿಸಿದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಮಗಳಿಗಾಗಿ, ಹೆಂಡತಿಯ ಒಂದು ಮಾತಿಗಾಗಿ, ಇಷ್ಟು ದೂರ ಎರಡು ಬಸ್ಸು ಹತ್ತಿ ಬಂದು, ಅಷ್ಟು ಜನರ ಎದುರು.

ಶ್ರೀಕಂಠಯ್ಯ ನನ್ನ ಕಡೆ ತಿರುಗಿದರು. "ಏನಮ್ಮಾ? ನೀನೇನ್ ಹೇಳ್ತೀಯಾ?"

ಅಪ್ಪ ಆಗ ನನ್ನನ್ನು ನೋಡಿದರು. ಖಾಕಿ ಕೋಟಿನಲ್ಲಿ, ತಲೆಗೆ ಬಟ್ಟೆ ಕಟ್ಟಿಕೊಂಡಿದ್ದವಳನ್ನು, ಮೊದಲನೇ ಸಲ. ಮುಗಿದ ಕೈಗಳನ್ನು ಬೇಗನೆ ಇಳಿಸಿದರು.

ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಆಗಲಿ ಅನ್ನಲೂ ಬರಲಿಲ್ಲ. "ಇವತ್ತು ಬೇರಿಂಗ್ ಬಿಚ್ಬೇಕು ಸಾರ್" ಅಂದೆ.

"ಹಾಗಾದ್ರೆ ನಾನು ಕಾಯ್ತೀನಿ" ಅಂದರು ಅಪ್ಪ.

ಬಿಚ್ಚಿದೆವು. ಗೂಡಿನ ಮೇಲ್ಭಾಗವನ್ನು ಇಬ್ಬರು ಎತ್ತಿದರು. ನಾನು ರೋಲರುಗಳನ್ನು ಬಟ್ಟೆಯಿಂದ ಒರೆಸುತ್ತಾ ಒಂದೊಂದನ್ನೇ ತಿರುಗಿಸಿದೆ. ಒಳಬಳೆಯ ಮೇಲೆ ಉಗುರು ಎಳೆದು ನೋಡಿದೆ. ಎಲ್ಲೂ ತಡೆಯಲಿಲ್ಲ. ಬಣ್ಣ ಕೆಟ್ಟಿರಲಿಲ್ಲ, ಗುಳಿ ಬಿದ್ದಿರಲಿಲ್ಲ. ಎಣ್ಣೆ ಸ್ವಲ್ಪ ಕಂದಿತ್ತು, ಅಷ್ಟೇ. ವೆಂಕಟರಾಮಯ್ಯನವರು ಬಗ್ಗಿ ಬಹಳ ಹೊತ್ತು ನೋಡಿದರು. ಎದ್ದು ಶ್ರೀಕಂಠಯ್ಯನವರ ಕೈ ಕುಲುಕಿದರು. ಫ್ಯಾನುಗಳು ವಾಪಸು ಬರುವುದಿಲ್ಲ, ಎಲ್ಲಕ್ಕೂ ಹೀಗೇ ಪಂಪು ಜೋಡಿಸಿಕೊಡಿ ಅಂದರು. ಮುನಿಸ್ವಾಮಿ ಕಣ್ಣು ಒರೆಸಿಕೊಂಡರು. ಹತ್ತಾರು ಮನೆಗಳ ಒಲೆ ಆ ಬಳೆಯ ಮೇಲೆ ನಿಂತಿತ್ತು.

ಆ ಗದ್ದಲದ ನಡುವೆ ಅಪ್ಪ ಹತ್ತಿರ ಬಂದದ್ದು ನನಗೆ ತಿಳಿಯಲಿಲ್ಲ. ಅವರು ತಟ್ಟೆಯಲ್ಲಿದ್ದ ಹಳೆಯ ಬೇರಿಂಗನ್ನೂ ಹೊಸದನ್ನೂ ನೋಡುತ್ತಿದ್ದರು.

"ಇವೆರಡೂ ಬೇರೆ ಬೇರೆ ಜಾತೀವಾ?"

"ಇಲ್ಲಪ್ಪ. ಒಂದೇ. ಒಂದೇ ಪೆಟ್ಟಿಗೇಲಿ ಬಂದಿದ್ದು."

"ಮತ್ತೆ ಇದ್ಯಾಕೆ ಹೀಗಾಗಿದೆ?"

"ಇದರಲ್ಲಿ ಎಣ್ಣೆ ನಿಂತಲ್ಲೇ ನಿಂತಿತ್ತು. ಕಾದು ಕಾದು ತೆಳ್ಳಗಾಯ್ತು. ನಡುವೆ ಎಣ್ಣೆ ಇಲ್ದೆ ಉಕ್ಕಿಗೆ ಉಕ್ಕು ಉಜ್ಜಿತು. ಇದಕ್ಕೆ ಎಣ್ಣೆ ಬರ್ತಾ ಹೋಗ್ತಾ ಇತ್ತು. ಬಂದಾಗ ಬಿಸಿ ತಗೊಂಡು ಹೋಗುತ್ತೆ, ತೊಟ್ಟೀಲಿ ತಣ್ಣಗಾಗಿ ವಾಪಸ್ ಬರುತ್ತೆ."

"ಎಷ್ಟು ಕಾಲ ಬರುತ್ತೆ ಇನ್ನು?"

"ವರ್ಷಗಟ್ಟಲೆ ಅಪ್ಪ. ಎಣ್ಣೆ ಶುದ್ಧವಾಗಿದ್ದು, ಬಿಸಿ ಏರದೆ ಇದ್ರೆ."

ಅಪ್ಪ ತಲೆಯಾಡಿಸಿದರು. ಕೈ ಚಾಚಿ ಹೊಸ ಬೇರಿಂಗಿನ ಹೊರಬಳೆಯನ್ನು ಮೆಲ್ಲಗೆ ತಿರುಗಿಸಿದರು. ಅದು ಸದ್ದಿಲ್ಲದೆ ತಿರುಗಿತು. ಇನ್ನೊಮ್ಮೆ ತಿರುಗಿಸಿದರು. ಬಿಳಿ ಅಂಗಿಯ ತೋಳಿನ ಪಟ್ಟಿ ಪೂರ್ತಿ ಎಣ್ಣೆಯಾಯಿತು. "ಅಪ್ಪ, ಅಂಗಿ" ಅಂದೆ. ಅವರು ನೋಡಿಕೊಂಡರು, ಒರೆಸಿಕೊಳ್ಳಲಿಲ್ಲ.

"ಕುರ್ಚಿ ವಿಷಯ ಏನ್ಮಾಡೋಣ ಸ್ವಾಮಿ?" ಎಂದು ಶ್ರೀಕಂಠಯ್ಯ ಕೇಳಿದಾಗ ಅಪ್ಪ, "ಇನ್ನೊಂದಿನ ಬರ್ತೀನಿ" ಅಂದರು. ಮತ್ತೆ ಯಾವತ್ತೂ ಬರಲಿಲ್ಲ.

ನಾನು ಆ ಕಾರ್ಖಾನೆಯಲ್ಲಿ ಬಹಳ ವರ್ಷ ಇದ್ದೆ. ಮದುವೆ ಆಮೇಲೆ ಬೇರೆ ಕಡೆಯಿಂದ ಕೂಡಿ ಬಂತು, ಆ ಕಥೆ ಇಲ್ಲಿ ಬೇಡ. ವೆಂಕಟರಾಮಯ್ಯನವರು ನಿವೃತ್ತರಾಗುವವರೆಗೂ ನನ್ನನ್ನು ನೋಡಿದಾಗಲೆಲ್ಲ ಆ ಭಾನುವಾರದ ಮುಜುಗರ ಅವರ ಮುಖದಲ್ಲಿ ಹಾದುಹೋಗುತ್ತಿತ್ತು. ಅಪ್ಪ ಕೈ ಮುಗಿದು ನಿಂತದ್ದನ್ನು ನಾನು ನೋಡಿದೆನೆಂದು ಅಪ್ಪನಿಗೆ ಗೊತ್ತಿತ್ತು. ಅವರಿಗೆ ಗೊತ್ತೆಂದು ನನಗೂ ಗೊತ್ತಿತ್ತು. ಅವರು ತೀರಿಹೋಗುವವರೆಗೂ ನಾವಿಬ್ಬರೂ ಅದರ ಮಾತೆತ್ತಲಿಲ್ಲ. ಈಗಲೂ ಯಾರಾದರೂ ವಯಸ್ಸಾದವರು ಕಚೇರಿಯ ಕಿಟಕಿಯ ಮುಂದೆ ಕೈ ಜೋಡಿಸಿದರೆ ನಾನು ಬೇರೆ ಕಡೆ ನೋಡುತ್ತೇನೆ.

ಬೇರಿಂಗು ಬಿಚ್ಚಿದ ಆ ದಿನ ಸಂಜೆ ನಾನು ಬಚ್ಚಲಿಂದ ಹೊರಗೆ ಬರುವಾಗ ಅಮ್ಮ ಅಪ್ಪನ ಅಂಗಿ ಹಿಡಿದು ಬೆಳಕಿಗೆ ತಿರುಗಿಸುತ್ತಿದ್ದಳು.

"ಇದೇನ್ರೀ ಇದು ತೋಳಿಗೆ?"

"ಎಣ್ಣೆ" ಅಂದರು ಅಪ್ಪ. "ರತ್ನನ ಮಷೀನಿಂದು."

ಅಮ್ಮನ ಕೈ ನಿಂತಿತು. ಅವರು ಎಲ್ಲಿಗೆ ಹೋಗಿದ್ದರು, ಯಾಕೆ ಹೋಗಿದ್ದರು ಎಂದು ಅವಳಿಗೆ ಗೊತ್ತಿತ್ತು. ಕುರ್ಚಿ ಸಿಕ್ಕಿತೇ ಎಂದು ಕೇಳಬೇಕೆಂದಿದ್ದವಳು ಅಪ್ಪನ ಮುಖ ನೋಡಿ ಕೇಳಲಿಲ್ಲ. ನನ್ನ ಕಡೆ ನೋಡಿದಳು, ಮತ್ತೆ ಅಂಗಿಯ ಕಡೆ. "ಒಣಗಿಹಾಕ್ದಾಗ ಕಾಣುತ್ತಲ್ರೀ ಇದು. ಯಾರಾದ್ರೂ ಕೇಳಿದ್ರೆ ನಾನು ಏನಂತ ಹೇಳ್ಲಿ?" ಅಂದಳು.

"ಎಣ್ಣೆ ಅಂತ ಹೇಳು" ಅಂದರು ಅಪ್ಪ.